ಮೊದಲ ಪುಟ ಮಾತ್ರ ಉಚಿತ

ಉಪ್ಪಿಟ್ಟಿನ ರವೆ ಹುರಿಯುವ ಹೊತ್ತಿಗೆ ವಸುಂಧರಾಗೆ ಒಂದು ದಾರಿ ಹೊಳೆದಿತ್ತು. ನಗುನಗುತ್ತಾ, ತಮಾಷೆಗೆಂಬಂತೆ, ಪಾಠ ಶುರುವಾಗುವ ಮೊದಲೇ ಸತ್ಯ ಹೇಳಿ ಕೈತೊಳೆದುಕೊಂಡುಬಿಡುವುದು. ನೀರು ಕುದಿಯುವಷ್ಟರಲ್ಲಿ ಅದು ಸರಿಯಲ್ಲವೆನಿಸಿತು. ನಗುತ್ತಾ ಹೇಳಿದರೆ ವಿನಯವೆಂದು ತಿಳಿದು ಚಪ್ಪಾಳೆ ತಟ್ಟುವ ಜನ ಅವರು. ಮುಖ ಗಂಟಿಕ್ಕಿ ಹೇಳಿದರೆ, ಮೂರು ವರ್ಷದಿಂದ ಬಾಯಲ್ಲಿ ಏನಿಟ್ಟುಕೊಂಡಿದ್ದೆ ತಾಯಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೇಳದೇ ಇದ್ದುಬಿಡುವ ಮೂರನೆಯ ದಾರಿಯೂ ಇತ್ತು. ಅದನ್ನು ನೆನೆದಾಗಲೆಲ್ಲ ಕಣ್ಣು ಫ್ರಿಜ್ಜಿನ ಕಡೆ ಹೋಗುತ್ತಿತ್ತು. ಮಗಳು ಮೇಧಾ ಹೆಮ್ಮೆಯಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಮಂತ್ರಣ ಪತ್ರ ಒಲೆಯ ಮುಂದೆ ನಿಂತವರಿಗೂ ಕಾಣಿಸುವ ಹಾಗಿತ್ತು. ಕಸ್ಬಾದಲ್ಲಿ ವಸುಂಧರಾ ಕಲಿಸುವ ಶಾಲೆಯವರು ಊರಿನ ಹತ್ತಾರು ಶಾಲೆಗಳ ಶಿಕ್ಷಕರನ್ನು ಕರೆಸಿ ಇವತ್ತು ಮಾದರಿ ಪಾಠ ಏರ್ಪಡಿಸಿದ್ದರು. ಆರನೆಯ ತರಗತಿ, ಭೂಗೋಳ, ನದಿಯ ಪಾಠ; ಬೋಧಿಸುವವರು ಶ್ರೀಮತಿ ವಸುಂಧರಾ ಶ್ಯಾಮಸುಂದರ; ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಶಿಕ್ಷಕಿಯ ಸಂಪೂರ್ಣ ಸ್ವಂತ ಕಲ್ಪನೆಯ ಬೋಧನಾ ಕ್ರಮ. ಆ ಪಾಠ ಅಮೆರಿಕದ ಒಬ್ಬ ಹೆಂಗಸಿನದು ಎಂಬುದು ಗೊತ್ತಿದ್ದವರು ಇಡೀ ಕೋಲ್ಕತ್ತಾದಲ್ಲಿ ಈ ಮನೆಯ ಮೂರು ಜನ ಮಾತ್ರ.

ಮೂವರಲ್ಲಿ ಇಬ್ಬರಿಗೆ ಅದು ವಿಷಯವೇ ಅಲ್ಲ. ಶ್ಯಾಮಸುಂದರ ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರು. ದೀಪ ಕೆಂಪಿದ್ದರೆ ನಿಲ್ಲಬೇಕು, ಹಸಿರಿದ್ದರೆ ಹೋಗಬೇಕು, ಎರಡೂ ಅಲ್ಲದಿದ್ದರೆ ಯಾರನ್ನಾದರೂ ಸಸ್ಪೆಂಡ್ ಮಾಡಬೇಕು ಎಂಬುದು ಅವನ ನೀತಿಶಾಸ್ತ್ರ. "ಅಲ್ವೇ, ಜನ ನೋಡಲಿ ಅಂತ ತಾನೇ ಅವರು ಇಂಟರ್‌ನೆಟ್‌ನಲ್ಲಿ ಹಾಕಿರೋದು? ನೋಡಿದೆ, ಮಾಡಿದೆ. ಇದರಲ್ಲಿ ಕದಿಯೋದು ಎಲ್ಲಿಂದ ಬಂತು?" ಎಂದು ಉಪ್ಪಿಟ್ಟಿನ ಮೇಲೆ ಸಕ್ಕರೆ ಉದುರಿಸಿಕೊಂಡ. ಹದಿಮೂರರ ಮೇಧಾಗೆ ಕನ್ನಡ ಕಿವಿಯೊಳಗೆ ಸಲೀಸಾಗಿ ಹೋಗುತ್ತದೆ, ಬಾಯಿಂದ ಬರುವಾಗ ಮಾತ್ರ ದಾರಿಯಲ್ಲಿ ಇಂಗ್ಲಿಷಿಗೆ ಡಿಕ್ಕಿ ಹೊಡೆಯುತ್ತದೆ. "ಅಪ್ಪ ಈಸ್ ರೈಟ್ ಅಮ್ಮಾ, ನಮ್ಮ ಕ್ಲಾಸಲ್ಲಿ ಎವ್ರಿಬಡಿ ನೆಟ್‌ನಿಂದಾನೇ ಪ್ರಾಜೆಕ್ಟ್ ಮಾಡೋದು" ಎಂದಳು. ಹಾಗೆ ಮಾಡಿದ ಪ್ರಾಜೆಕ್ಟುಗಳಿಗೆ ಶಾಲೆಯಲ್ಲಿ ತಾನು ಸೊನ್ನೆ ಹಾಕುತ್ತೇನೆಂಬುದನ್ನು ವಸುಂಧರಾ ಹೇಳಲಿಲ್ಲ. ನದಿ ಹರಿಸುವುದಕ್ಕೆಂದು ತೆಗೆದಿಟ್ಟಿದ್ದ ಹಿತ್ತಾಳೆ ಹರಿವಾಣವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು. ಮದುವೆಯಲ್ಲಿ ಕೊಟ್ಟ ಹರಿವಾಣ ಅದು, ನಾಲ್ಕು ಬೆರಳು ಎತ್ತರದ ಅಂಚಿನದು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ.

ಸೈಕಲ್ ರಿಕ್ಷಾದಲ್ಲಿ ಹರಿವಾಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಫೆಬ್ರವರಿಯ ತೆಳು ಬಿಸಿಲು ಮುಖಕ್ಕೆ ಹಿತವಾಗಿತ್ತು. ಅಂಥ ಬಿಸಿಲಲ್ಲಿ ಯಾರಿಗೂ ಅಪರಾಧಿಯಾಗಿರಲು ಮನಸ್ಸು ಬರುವುದಿಲ್ಲ. ರಸ್ತೆಯ ಎರಡೂ ಬದಿ ಮರಳಿನ ಗುಡ್ಡೆಗಳು. ಸೆಕ್ಟರ್ ಫೈವ್‌ನ ಕಂಪ್ಯೂಟರ್ ಕಂಪನಿಗಳಿಗೆ ಬರುವ ಹುಡುಗರಿಗಾಗಿ ಫ್ಲಾಟುಗಳು ಏಳುತ್ತಿದ್ದವು. ಹೋದ ವರ್ಷ ಹೊಲಿಗೆ ಕಲಿಸುತ್ತಿದ್ದ ಮನೆಯ ಮುಂದೆ ಈಗ ಜಾವಾ ಕಲಿಸುತ್ತೇವೆಂಬ ಬೋರ್ಡು. ಮೂಲೆ ತಿರುಗಿದರೆ ಸೈಬರ್ ಕೆಫೆ, ಅದೇ ಪ್ಲೈವುಡ್ ಗೂಡುಗಳು, ಅದೇ ನೀಲಿ ಪರದೆ. ಮೂರು ವರ್ಷದ ಹಿಂದೆ ಆ ಪರದೆ ಸರಿಸಿಕೊಂಡು ಒಳಗೆ ಹೋಗುವಾಗ ಅವಳಿಗೆ ಯಾವುದೋ ಕೆಟ್ಟ ಸಿನಿಮಾಕ್ಕೆ ನುಗ್ಗುವವಳಂತೆ ನಾಚಿಕೆಯಾಗಿತ್ತು. ಆಗ ಶಾಲೆಗೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಅವಳು ನದಿಯ ಉಗಮ, ಪಾತ್ರ, ಮುಖಜ ಭೂಮಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಂತೆ ಹಿಂದಿನ ಬೆಂಚಿನಲ್ಲಿ ಒಬ್ಬ ಆಕಳಿಸಿದ್ದ, ಅದು ಬೆಂಚಿನಿಂದ ಬೆಂಚಿಗೆ ಮುಂದೆ ಬಂದು ಕೊನೆಗೆ ಅವಳಿಗೇ ತಗಲಿತ್ತು. ಸ್ವಂತ ಪಾಠಕ್ಕೆ ತಾನೇ ಆಕಳಿಸಿದ ಟೀಚರೆಂದು ಮಕ್ಕಳು ನಕ್ಕಿದ್ದರು, ಸ್ಟಾಫ್ ರೂಮಿಗೆ ಸುದ್ದಿ ಅವಳಿಗಿಂತ ಮೊದಲು ತಲುಪಿತ್ತು. ಅಲ್ಲಿದ್ದವರು ಬಂಗಾಳಿಯಲ್ಲಿ ಏನೋ ಹೇಳಿ ನಕ್ಕರು. ಅವಳಿಗೆ ಅರ್ಥವಾಗದಿರಲಿ ಎಂದು ಹಾಗೆ ಹೇಳಿದ್ದು, ಪೂರ್ತಿ ಅರ್ಥವಾಯಿತು. ಅವತ್ತು ಸಂಜೆಯೇ ಕೆಫೆಗೆ ಹೋಗಿದ್ದಳು.

ಅಮೆರಿಕದ ಶಿಕ್ಷಕರು ತಮ್ಮ ತಮ್ಮ ಪಾಠದ ಉಪಾಯಗಳನ್ನು ಬರೆದುಹಾಕುವ ತಾಣ ಅದು. ಚಿತ್ರಗಳು ಬೇಡವೆಂದರೆ ಬೇಗ ಬರುತ್ತದೆಂದು ಕೆಫೆಯವನು ಹೇಳಿಕೊಟ್ಟಿದ್ದರಿಂದ ಅವಳು ಎಂದೂ ಚಿತ್ರ ನೋಡಲಿಲ್ಲ, ಬರೀ ಅಕ್ಷರ. ಅದರಲ್ಲೂ ಪ್ರತಿ ಪಾಠದ ಮೊದಲ ಪುಟ ಮಾತ್ರ ಉಚಿತ. ಎರಡನೆಯ ಪುಟ ಬೇಕಾದವರು ಸದಸ್ಯರಾಗಬೇಕು, ಕ್ರೆಡಿಟ್ ಕಾರ್ಡಿನಿಂದ ಡಾಲರು ಕಟ್ಟಬೇಕು. ಶ್ಯಾಮಸುಂದರನ ಪ್ರಕಾರ ಕ್ರೆಡಿಟ್ ಕಾರ್ಡು ಎನ್ನುವುದು ಸಂಸಾರ ಹಾಳು ಮಾಡಿಕೊಳ್ಳುವ ಆಧುನಿಕ ವಿಧಾನ. ಹೀಗಾಗಿ ಅವಳ ಎಲ್ಲ ಪಾಠಗಳೂ ಅರ್ಧ ವಾಕ್ಯಕ್ಕೆ ನಿಲ್ಲುತ್ತಿದ್ದವು. ನದಿಯ ಪಾಠ ಬರೆದವರು ಒಹಾಯೊದ ಮಿಸೆಸ್ ಹೆಂಡ್ರಿಕ್ಸ್. ಒಂದು ತಟ್ಟೆಯಲ್ಲಿ ಒದ್ದೆ ಮರಳು ತುಂಬಿ, ಒಂದು ಬದಿಗೆ ದಪ್ಪ ಪುಸ್ತಕವಿಟ್ಟು ಎತ್ತರಿಸಿ, ಎತ್ತರದ ಕಡೆಯಿಂದ ನೀರು ಸುರಿಯಿರಿ. ಈಗ ಮಕ್ಕಳಿಗೆ, ಎಂಬಲ್ಲಿಗೆ ಪುಟ ಮುಗಿದಿತ್ತು. ಮಕ್ಕಳಿಗೆ ಏನು? ಆ ಒಂದು ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಅವಳು ಚಪಾತಿ ಲಟ್ಟಿಸಿದ್ದಳು, ಬಸ್ಸಿನಲ್ಲಿ ನಿಂತಿದ್ದಳು, ಕಾಳಿಘಾಟಿಗೆ ಅತ್ತೆಯವರನ್ನು ಕರೆದುಕೊಂಡು ಹೋದಾಗ ದೇವರ ಮುಂದೆ ಕೈಮುಗಿದು ಅದನ್ನೇ ಯೋಚಿಸಿದ್ದಳು. ಮಿಸೆಸ್ ಹೆಂಡ್ರಿಕ್ಸ್ ಅಷ್ಟು ಚೆಂದಾಗಿ ಶುರುಮಾಡಿದ್ದಾರೆ, ಎರಡನೆಯ ಪುಟದಲ್ಲಿ ಇನ್ನೇನು ಮಾಡಿಸಿರಬಹುದು, ನನ್ನ ಬುದ್ಧಿಗೆ ಅದರ ಕಾಲುಭಾಗವಾದರೂ ಎಟುಕೀತೆ ಎಂದು ಕೊರಗಿ, ಇದೇ ಇರಬೇಕು ಎಂದು ಊಹಿಸಿ ಏನೋ ಒಂದು ಮಾಡಿ ಮುಗಿಸಿದ್ದಳು. ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ. ಸ್ಟಾಫ್ ರೂಮಿನಲ್ಲಿ ಸುಚರಿತಾ ಬಾಗ್ಚಿ, ಅವತ್ತು ನಕ್ಕವರಲ್ಲಿ ಒಬ್ಬಳು, ಇದೆಲ್ಲ ಎಲ್ಲಿಂದ ಹೊಳೆಯುತ್ತದೆ ವಸುಂಧರಾ ದಿದಿ ಎಂದು ಚಹಾ ಮುಂದೆ ಹಿಡಿದಳು. ವಸುಂಧರಾ ಚಹಾ ತೆಗೆದುಕೊಂಡು ಮುಗುಳ್ನಕ್ಕಳು.

ಆ ಮುಗುಳ್ನಗೆಯೇ ತಪ್ಪು. ಸುಳ್ಳನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಿದ್ದರೆ ಒಮ್ಮೆ ಹೇಳಿ ಮುಗಿದಿರುತ್ತಿತ್ತು. ನಕ್ಕದ್ದರಿಂದ ಪ್ರತಿ ಸಲವೂ ನಗಬೇಕಾಯಿತು. ಜ್ವಾಲಾಮುಖಿಗೆ ನಕ್ಕಳು, ಗ್ರಹಣಕ್ಕೆ ನಕ್ಕಳು, ನಕ್ಷೆ ಓದುವ ಪಾಠಕ್ಕೆ ಮಕ್ಕಳನ್ನು ಗರಿಯಾಹಾಟಿನ ಮಾರುಕಟ್ಟೆಗೆ ಕರೆದೊಯ್ದು ಮೀನು, ಬಟ್ಟೆ, ಬಳೆಗಳ ಗಲ್ಲಿಗಳನ್ನು ಗೀಚಿಸಿದ್ದಕ್ಕೂ ನಕ್ಕಳು. ಒಳಗೊಳಗೇ ಮಿಸೆಸ್ ಹೆಂಡ್ರಿಕ್ಸ್ ಎಂಬ ಎತ್ತರದ, ಕನ್ನಡಕದ, ಬಾಯಿ ಬಿಗಿಹಿಡಿದ ಹೆಂಗಸೊಬ್ಬಳು ತರಗತಿಯ ಹಿಂದಿನ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ನೀನು ಅರ್ಧ ಓದಿ ಪೂರ್ತಿ ಹೆಸರು ತಗೊಂಡವಳು ಎಂದು ಅವಳ ಕಣ್ಣು ಹೇಳುತ್ತಿತ್ತು. ಅವಳಿಗೆ ಉತ್ತರವಾಗಿ ವಸುಂಧರಾ ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಎಷ್ಟೋ ವಾದ ಹೂಡಿದ್ದಳು, ವ್ಯಾಕರಣವೇ ಅರ್ಧ ದಾರಿಯಲ್ಲಿ ಕೈಕೊಡುತ್ತಿತ್ತು. ರಿಕ್ಷಾದವನು ಶಾಲೆಯ ಗೇಟಿನ ಮುಂದೆ ಬ್ರೇಕು ಹಾಕಿದಾಗ ಹರಿವಾಣ ಮೊಣಕಾಲಿಗೆ ಬಡಿಯಿತು. ಗೇಟಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ನಿನ್ನೆಯದು, ಇನ್ನೂ ಬಾಡಿರಲಿಲ್ಲ.

ನಿನ್ನೆ ಸರಸ್ವತಿ ಪೂಜೆ. ಹಳದಿ ಸೀರೆಯುಟ್ಟ ಪುಟ್ಟ ಪುಟ್ಟ ಹುಡುಗಿಯರು ಸೆರಗು ತುಳಿದು ಬೀಳುತ್ತಾ ಓಡಾಡಿದ್ದರು, ಮಕ್ಕಳೂ ಟೀಚರುಗಳೂ ತಮ್ಮ ಪುಸ್ತಕ ಪೆನ್ನುಗಳನ್ನು ದೇವಿಯ ಕಾಲ ಬಳಿ ಇಟ್ಟಿದ್ದರು. ಮರುದಿನ ಪುರೋಹಿತರು ಬಂದು ಮೊಸರವಲಕ್ಕಿಯ ನೈವೇದ್ಯ ಮಾಡುವ ತನಕ ಒಂದನ್ನೂ ಮುಟ್ಟುವ ಹಾಗಿಲ್ಲ. ನವರಾತ್ರಿಯಲ್ಲಿ ಪುಸ್ತಕ ಪೂಜೆಗಿಟ್ಟು ವಿಜಯದಶಮಿಗೆ ತೆಗೆಯುವ ಮನೆಯಲ್ಲಿ ಬೆಳೆದ ವಸುಂಧರಾಗೆ ಇದೇನೂ ಹೊಸದಲ್ಲ, ಆದರೂ ನಿನ್ನೆ ಅವಳ ಬುದ್ಧಿ ಎಲ್ಲಿತ್ತೋ. ಕದ್ದದ್ದಾದರೂ ಅದು ವಿದ್ಯೆಯೇ ತಾಯಿ, ನೀನೇ ನೋಡಿಕೋ ಎಂದು ಮಿಸೆಸ್ ಹೆಂಡ್ರಿಕ್ಸಳ ಆ ಒಂದು ಪುಟವನ್ನೂ, ಅದರ ಬೆನ್ನಿಗೆ ತಾನು ಬರೆದುಕೊಂಡಿದ್ದ ಪಾಠದ ಟಿಪ್ಪಣಿಗಳನ್ನೂ ಮಡಿಸಿ ದೇವಿಯ ಹಂಸದ ಕೊರಳಿನ ಕೆಳಗೆ ತುರುಕಿದ್ದಳು. ಬೆಳಿಗ್ಗೆ ಬೇಗ ಪೂಜೆ ಮುಗಿಯುತ್ತದೆಂದಿದ್ದರು. ಈಗ ನೋಡಿದರೆ ಪುರೋಹಿತರ ಸುಳಿವಿಲ್ಲ. ಊರಿನ ಪ್ರತಿ ಶಾಲೆ, ಪ್ರತಿ ಗಲ್ಲಿ, ಪ್ರತಿ ಕೋಚಿಂಗ್ ಸೆಂಟರಿನಲ್ಲೂ ಒಬ್ಬೊಬ್ಬ ಸರಸ್ವತಿ ಕೂತಿರುವಾಗ ಇರುವ ನಾಲ್ವರು ಪುರೋಹಿತರು ಎಲ್ಲಿಗೆಂದು ಓಡಬೇಕು. ದೇವಿಯ ಮುಂದೆ ಬಾಗ್ಚಿ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದಳು.

ನನ್ನ ಒಂದು ಹಾಳೆ ಅಲ್ಲಿದೆ, ತೆಗೆದುಕೊಳ್ಳಲೇ ಎಂದು ವಸುಂಧರಾ ಕೇಳಿದಳು. ಬಾಗ್ಚಿ ಹೌಹಾರಿದಳು. ಪರೀಕ್ಷೆಗೆ ಕೂತ ಮಕ್ಕಳೇ ಮುಟ್ಟುವುದಿಲ್ಲ, ನೀವು ಟೀಚರಾಗಿ ಮುಟ್ಟಿದರೆ ವಿದ್ಯೆ ನಿಂತೀತೇ ಎಂದಳು. ಅಷ್ಟಕ್ಕೂ ನಿಮ್ಮ ತಲೆಯಲ್ಲಿರುವುದಕ್ಕೆ ಹಾಳೆ ಯಾಕೆ ದಿದಿ ಎಂದು ಬೇರೆ ಪ್ರೀತಿಯಿಂದ ಕೆನ್ನೆ ತಟ್ಟಿದಳು. ಅದು ಚುಚ್ಚುಮಾತೋ ಮೆಚ್ಚುಗೆಯೋ ಎಂದು ವಸುಂಧರಾ ಅವಳ ಮುಖವನ್ನು ಹುಡುಕಿದಳು. ಬಾಗ್ಚಿಯ ಮುಖದಲ್ಲಿ ಉಪವಾಸದ ಹಸಿವು ಬಿಟ್ಟರೆ ಬೇರೇನೂ ಇರಲಿಲ್ಲ. ಪ್ರಿನ್ಸಿಪಾಲ್ ಲಾಹಿರಿ ಮೇಡಮ್ಮಿಗಾದರೂ ಹೇಳಿಬಿಡೋಣವೆಂದು ಆಫೀಸಿಗೆ ಹೋದಳು. ಮೇಡಮ್ ಫೋನಿನಲ್ಲಿ ಅತಿಥಿಗಳ ಸಿಂಗಾರಾದೊಳಗೆ, ಸಮೋಸಾಕ್ಕೆ ಇಲ್ಲಿಯ ಹೆಸರು ಅದು, ಹೂಕೋಸು ಇರಲೇಬೇಕೆಂದು ಅಂಗಡಿಯವನಿಗೆ ಗದರುತ್ತಿದ್ದರು. ಮುಗಿಯಲೆಂದು ವಸುಂಧರಾ ನಿಂತಳು. ಮುಗಿಯಿತು. "ಮೇಡಮ್, ಈ ಪಾಠ..." ಎಂದಳು. ಈ ಪಾಠ ನಮ್ಮ ಶಾಲೆಗೆ ಹೆಸರು ತರುತ್ತದೆ ವಸುಂಧರಾ, ಆ ದೊಡ್ಡ ದೊಡ್ಡ ಏಸಿ ಶಾಲೆಯವರು ಬಂದು ನೋಡಲಿ ಎಂದು ಅವರು ಕೈ ಹಿಡಿದು ಕುಲುಕಿದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಶಾಲೆಯ ಗೋಡೆಯ ಸುಣ್ಣ ಉದುರುತ್ತಿರುವುದೂ, ಒಂದೇ ಕಂಪ್ಯೂಟರಿನ ಕೋಣೆಯ ಹೊರಗೆ ಎಲ್ಲರೂ ಗುಡಿಯಲ್ಲಿ ಬಿಡುವಂತೆ ಚಪ್ಪಲಿ ಬಿಡಬೇಕಾಗಿರುವುದೂ ಅವರಿಗೆ ದಿನವೂ ಕಾಣುವ ನೋವು. ಆ ಕೈ ಬಿಡಿಸಿಕೊಂಡು ಸತ್ಯ ಹೇಳುವಷ್ಟು ಗಟ್ಟಿ ಹೆಂಗಸಲ್ಲ ತಾನು ಎಂಬುದು ವಸುಂಧರಾಗೆ ಆ ಗಳಿಗೆಯಲ್ಲಿ ಗೊತ್ತಾಯಿತು, ಗೊತ್ತಾಗಿ ಸ್ವಲ್ಪ ಸಮಾಧಾನವೂ ಆಯಿತು. ಹೊರಗೆ ಬಂದು ಮರಳು ಜರಡಿ ಹಿಡಿಯತೊಡಗಿದಳು.

"ಏನ್ರೀ, ನೀವು ನಮ್ಮ ಕಡೆಯವರಂತಲ್ಲ?" ಎಂಬ ದನಿ ಕೇಳಿದಾಗ ಅವಳ ಕೈ ಮೊಣಕೈವರೆಗೆ ಮರಳಾಗಿತ್ತು. ಇಳಕಲ್ ಸೀರೆಯುಟ್ಟ ದುಂಡಗಿನ ಹೆಂಗಸೊಬ್ಬರು, ಕೊರಳಲ್ಲಿ ಅತಿಥಿಯ ಬಿಲ್ಲೆ, ಆಗಲೇ ಒಂದು ಸಿಂಗಾರಾ ಕೈಯಲ್ಲಿ. ಹೆಸರು ರುಕ್ಮಿಣಿ, ಊರು ಧಾರವಾಡ, ಯಜಮಾನರು ಇಲ್ಲಿ ಪ್ರೊಫೆಸರು, ತಾವು ದಕ್ಷಿಣೇಶ್ವರದ ಹತ್ತಿರ ಹೊಸ ಶಾಲೆಯೊಂದರಲ್ಲಿ ಭೂಗೋಳದ ಟೀಚರು ಎಂಬುದೆಲ್ಲ ಸಿಂಗಾರಾದ ಒಂದೇ ತುತ್ತಿನಲ್ಲಿ ತಿಳಿಯಿತು. ಕನ್ನಡ ಕೇಳಿ ವಸುಂಧರಾಗೆ ಆಗಬೇಕಾದಷ್ಟು ಸಂತೋಷವಾಯಿತು. ಎಷ್ಟು ಕಾಲದ ಮೇಲೆ ಗಂಡನಲ್ಲದವರ ಬಾಯಿಂದ ಕನ್ನಡ ಕೇಳುತ್ತಿದ್ದೇನೆ ಎಂದುಕೊಂಡಳು, ಮರಳುಗೈಯಲ್ಲೇ ನಮಸ್ಕಾರ ಮಾಡಿದಳು. ರುಕ್ಮಿಣಿ ಹರಿವಾಣವನ್ನೂ ಮರಳನ್ನೂ ನೋಡಿದರು. ನೋಡಿ, ಗುರುತಿನವರನ್ನು ಕಂಡಂತೆ ಮುಖ ಅರಳಿಸಿದರು. "ಅಯ್ಯ, ಇದು ಆ ಅಮೇರಿಕಾದ ಸೈಟಿನ ನದಿ ಪಾಠ ಅಲ್ಲೇನ್ರೀ? ನಮ್ಮ ಸಾಲ್ಯಾಗ ವರ್ಷದ ಮೆಂಬರ್‌ಶಿಪ್ ತಗೊಂಡಾರ. ನಾನೂ ಮಾಡೀನಿ ಇದನ್ನ." ಅಷ್ಟು ಹೇಳಿ, ಒಳ್ಳೆಯ ಜಾಗ ಹಿಡಿಯಬೇಕೆಂದು ಹಾಲಿನ ಕಡೆ ಹೊರಟೇಬಿಟ್ಟರು. ವಸುಂಧರಾ ಜರಡಿ ಕೆಳಗಿಟ್ಟಳು. ಮಿಸೆಸ್ ಹೆಂಡ್ರಿಕ್ಸ್ ಗೋಡೆ ಬಿಟ್ಟು ಮುಂದೆ ಬಂದಿದ್ದಳು, ಇಳಕಲ್ ಸೀರೆಯುಟ್ಟು, ಮೊದಲ ಸಾಲಿನಲ್ಲಿ ಕೂರಲು ಹೋಗುತ್ತಿದ್ದಳು. ಓಡಿಹೋಗಿ ಕೈ ಹಿಡಿದು, ನಮ್ಮೂರಿನವರು ನೀವು, ಮರ್ಯಾದೆ ಉಳಿಸಿ ಎಂದು ಬೇಡಿಕೊಂಡರೆ? ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಗಂಟೆ ಹೊಡೆಯಿತು.

ಲಾಹಿರಿ ಮೇಡಮ್ ಮೈಕಿನಲ್ಲಿ ಸ್ವಾಗತ ಕೋರಿದರು. ಯಾವ ಪುಸ್ತಕದಲ್ಲೂ ಇಲ್ಲದ, ಯಾರಿಂದಲೂ ಎರವಲು ತಾರದ, ಎಂದು ಶುರುಮಾಡಿದವರು ನಿಲ್ಲಿಸಲಿಲ್ಲ. ವಸುಂಧರಾ ಈಗಲೇ ಎಂದು ಮೈಕಿನ ಕಡೆ ಒಂದು ಹೆಜ್ಜೆಯಿಟ್ಟಳು, ಬಾಯಿಯನ್ನೂ ತೆರೆದಳು. ಅಷ್ಟರಲ್ಲಿ ಮೈಕು ಕಿವಿ ಹರಿಯುವಂತೆ ಕೀರಲಿಟ್ಟಿತು, ಮಕ್ಕಳು ಕಿವಿ ಮುಚ್ಚಿಕೊಂಡು ಕಿರುಚಿದರು, ಒಬ್ಬ ಗಡಿಬಿಡಿಯಲ್ಲಿ ನೀರಿನ ಬಕೆಟ್ಟನ್ನು ಒದ್ದ. ಒರೆಸಿ, ಮತ್ತೆ ನೀರು ತರಿಸಿ, ಮಕ್ಕಳನ್ನು ಸುತ್ತ ನಿಲ್ಲಿಸುವಷ್ಟರಲ್ಲಿ ಹೇಳುವ ಹೊತ್ತು ದಾಟಿತ್ತು. ಹರಿವಾಣದ ಒಂದು ಬದಿ ಎತ್ತರಿಸಲು ದಪ್ಪ ಪುಸ್ತಕ ಬೇಕು. ಶಾಲೆಯ ಪುಸ್ತಕಗಳೆಲ್ಲ ದೇವಿಯ ಕಾಲ ಬಳಿ. ಒಬ್ಬಳು ತನ್ನ ಟಿಫಿನ್ ಡಬ್ಬಿ ಕೊಟ್ಟಳು, ಅಮ್ಮ ಮಾಡಿದ ಲೂಚಿ ಪೂರಿ ಒಳಗಿದೆ, ಒದ್ದೆಯಾದರೆ ನೀವೇ ಜವಾಬ್ದಾರಿ ಎಂಬ ಷರತ್ತಿನ ಮೇಲೆ.

ಒದ್ದೆ ಮರಳಿನ ತಂಪು ಅಂಗೈಗೆ ತಾಕಿದ್ದೇ, ಅವಳಿಗೆ ಉಳಿದದ್ದೆಲ್ಲ ಸ್ವಲ್ಪ ದೂರವಾಯಿತು. ಒಂದೊಂದು ಬೆಂಚಿಗೆ ಒಂದೊಂದು ಖಾಲಿ ಬೆಂಕಿಪೊಟ್ಟಣ ಕೊಟ್ಟಳು, ಅದೇ ಮನೆ, ಮೇಲೆ ಹೆಸರು ಬರೆಯಿರಿ ಎಂದಳು. ಪೆನ್ನು ಹಿಡಿಯುವಂತಿಲ್ಲವೆಂದು ಮಕ್ಕಳು ನೆನಪಿಸಿದರು. ಹಾಗಾದರೆ ಗುರುತಿಗೆ ಏನಾದರೂ ಅಂಟಿಸಿ ಎಂದಾಗ ಒಂದು ಮನೆಗೆ ಚೆಂಡುಹೂವಿನ ಎಸಳು ಬಂತು, ಒಂದಕ್ಕೆ ಬಸ್ ಟಿಕೆಟ್ಟು, ಒಂದಕ್ಕೆ ಕಿತ್ತ ಗುಂಡಿ. ಎಲ್ಲಿ ಕಟ್ಟುತ್ತೀರೋ ಕಟ್ಟಿ ಎಂದಳು. ಎಲ್ಲರಿಗೂ ನದಿಯ ದಂಡೆಯೇ ಬೇಕು. ಮೀನಿಗೆ, ಗಾಳಿಗೆ, ಸ್ನಾನಕ್ಕೆ, ಘಾಟಿನ ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆಯುವುದಕ್ಕೆ. ಕಲ್ಲೊಂದನ್ನು ಕಾಳಿಯ ಗುಡಿಯೆಂದು ದಂಡೆಗೇ ನೆಟ್ಟರು. ತಿಥಿ ಎಂಬ ಸಣಕಲು ಹುಡುಗಿ ಮಾತ್ರ ತನ್ನ ಬೆಂಚಿನವರೊಂದಿಗೆ ಜಗಳವಾಡಿ ಪೊಟ್ಟಣವನ್ನು ಹರಿವಾಣದ ಅಂಚಿಗೆ ಒತ್ತಿಟ್ಟಳು. ಯಾಕೆಂದು ಕೇಳಿದರೆ, ನಮ್ಮ ಅಜ್ಜಿಯ ಮನೆಯನ್ನು ಪದ್ಮಾ ನದಿ ತಿಂದಿತ್ತು, ಅಜ್ಜಿ ಅನ್ನ ಬಸಿಯುತ್ತಿದ್ದಳಂತೆ, ಬಸಿದ ಗಂಜಿಯ ಜೊತೆಗೆ ಅಂಗಳವೂ ಹೋಯಿತಂತೆ ಎಂದಳು. ವಸುಂಧರಾ ನೀರು ಸುರಿಯತೊಡಗಿದಳು.

ನೀರು ಮೊದಲು ನೆಟ್ಟಗೆ ಹರಿಯಿತು, ಆಮೇಲೆ ತನಗೆ ಇಷ್ಟ ಬಂದಲ್ಲಿ ಬಳುಕಿತು. ಬಳುಕಿದ ಕಡೆ ಹೊರದಂಡೆ ಕೊರೆಯಿತು, ಒಳದಂಡೆಗೆ ಮರಳು ಬಂದು ಕೂತಿತು. ಗುಂಡಿ ಅಂಟಿಸಿದ ಮನೆ ಓಲಿ ಬಿದ್ದಾಗ ಆ ಬೆಂಚಿನವರು ಹೋ ಎಂದು ಕೂಗಿದರು. ಅವಳು ಬೇಕೆಂದೇ ಇನ್ನೊಂದು ಚೊಂಬು ಒಮ್ಮೆಗೇ ಸುರಿದಳು. ನದಿ ತನ್ನ ಹಳೆಯ ದಾರಿ ಬಿಟ್ಟು ಬೇರೆ ಕಡೆ ಹೊರಟಿತು, ಕಾಳಿಯ ಗುಡಿಯ ಮುಂದೆ ಬೆರಳಗಲದ ಒಂದು ನೀರಿನ ಗೆರೆ ಮಾತ್ರ ಉಳಿಯಿತು. ಕಾಳಿಘಾಟ್, ಗಂಗೆ ಹೀಗೇ ಬಿಟ್ಟುಹೋಗಿದ್ದಕ್ಕೇ ಅಲ್ಲಿ ಬರೀ ನಾಲೆ ಇರೋದು ಎಂದು ಹಿಂದಿನಿಂದ ಯಾರೋ ಕಂಡುಹಿಡಿದರು. ನದಿ ದೇವಿಯನ್ನು ಬಿಟ್ಟು ಹೋಯಿತೋ, ದೇವಿಯೇ ನಡಿ ಎಂದು ಕಳಿಸಿದಳೋ ಎಂದು ಇನ್ನೊಬ್ಬ ಕೇಳಿದ. ಅತ್ತೆಯವರ ಜೊತೆ ಆ ಕಪ್ಪು ನೀರಿನ ಮುಂದೆ ಮೂಗು ಮುಚ್ಚಿ ನಿಂತದ್ದು, ಇಲ್ಲೊಂದು ಕಾಲಕ್ಕೆ ಹಡಗು ಬರುತ್ತಿತ್ತಂತೆ ಎಂದು ಅವರು ನಂಬದೆ ನಕ್ಕದ್ದು ಅವಳಿಗೆ ನೆನಪಾಯಿತು. ಮನೆ ಕಳೆದುಕೊಂಡವರಿಗೆ ಈಗ ಯಾರು ಜಾಗ ಕೊಡುತ್ತೀರಿ ಎಂದು ಕೇಳಿದಳು. ದೊಡ್ಡ ಗಲಾಟೆಯಾಯಿತು. ನಮ್ಮ ಜಾಗ ನಾವು ಯಾಕೆ ಕೊಡಬೇಕು, ದಂಡೆಗೆ ಹೋಗಿ ಅಂತ ನಾವು ಹೇಳಿದ್ದೆವಾ ಎಂದರು ಮನೆ ಉಳಿದವರು. ತಿಥಿಯ ಬೆಂಚಿನವರು ಬಾಡಿಗೆ ಕೇಳಿದರು. ಬಾಡಿಗೆಗೆ ಟಿಫಿನ್ ಡಬ್ಬಿಯ ಲೂಚಿ ಆಗುತ್ತದೆಂದು ತೀರ್ಮಾನವಾಯಿತು. ಕೊನೆಗೆ ತಿಥಿ ಯಾರನ್ನೂ ಕೇಳದೆ ತನ್ನ ಪೊಟ್ಟಣವನ್ನು ಒಂಚೂರು ಸರಿಸಿದಳು, ಉಳಿದವರೂ ಗೊಣಗುತ್ತಾ ಸರಿಸಿದರು, ಬಿದ್ದ ಮನೆಗಳೆಲ್ಲ ಅಂಚಿನಲ್ಲಿ ಒತ್ತೊತ್ತಾಗಿ ನಿಂತವು. ನಮ್ಮ ಪಾಡಾ ಥರಾನೇ ಆಯ್ತು ಎಂದು ಒಬ್ಬ ತನ್ನ ಗಲ್ಲಿಯನ್ನು ನೆನೆದು ಹೇಳಿದಾಗ ಅತಿಥಿಗಳೂ ನಕ್ಕರು. ಹಿಂದಿನ ಗೋಡೆಗೆ ಯಾರೂ ಒರಗಿ ನಿಂತಿರಲಿಲ್ಲ, ಅವಳು ಅತ್ತ ನೋಡಿರಲೂ ಇಲ್ಲ.

ಚಪ್ಪಾಳೆ ನಿಂತ ಮೇಲೆ ಪ್ರಶ್ನೆಗಳಿಗೆ ಅವಕಾಶ ಕೊಟ್ಟರು. ಮೊದಲು ಎದ್ದವರೇ ರುಕ್ಮಿಣಿ. ವಸುಂಧರಾಳ ಕೈಯ ಮರಳು ಒಣಗಿ ಬಿಗಿಯುತ್ತಿತ್ತು. ಈ ಪಾಠ ನನಗೆ ಗೊತ್ತು, ಇಂಥ ತಾಣದಲ್ಲಿದೆ, ಹೆಂಡ್ರಿಕ್ಸ್ ಎಂಬುವರು ಬರೆದದ್ದು ಎಂದು ರುಕ್ಮಿಣಿ ಶುದ್ಧ ಇಂಗ್ಲಿಷಿನಲ್ಲಿ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಹಾಲಿಗೆಲ್ಲ ಕೇಳಿಸುವಂತೆ ಹೇಳಿದರು. ಸಾಲುಗಳಲ್ಲಿ ತಲೆಗಳು ತಿರುಗಿದವು. ಲಾಹಿರಿ ಮೇಡಮ್ಮಿನ ಕೈಯಲ್ಲಿದ್ದ ಆಮಂತ್ರಣ ಪತ್ರ ಬೀಸಣಿಗೆಯಂತೆ ಆಡುತ್ತಿದ್ದದ್ದು ನಿಂತಿತು. ಬಾಗಿಲ ಬಳಿ ಬಾಗ್ಚಿ ಕಾಣಿಸಿದಳು. ಇದಕ್ಕಿಂತ ಕೆಟ್ಟದ್ದು ಇನ್ನೇನೂ ಆಗಲಾರದೆಂದು ತಿಳಿದಾಗ ಬರುವ ಒಂದು ವಿಚಿತ್ರ ಹಗುರ ಬಂತು ವಸುಂಧರಾಗೆ. ಹೌದು, ಅಲ್ಲಿಂದಲೇ ತೆಗೆದುಕೊಂಡೆ, ಮೂರು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ, ಯಾರಿಗೂ ಹೇಳಲಿಲ್ಲ, ತಪ್ಪಾಯಿತು ಎಂದಳು. ಬೆಳಗಿನಿಂದ ಜೋಡಿಸಿದ ಒಂದು ವಾಕ್ಯವೂ ನೆನಪಾಗಲಿಲ್ಲ, ಬೇಕಾಗಲೂ ಇಲ್ಲ.

ಆದರೆ ರುಕ್ಮಿಣಿ ಕೂರಲಿಲ್ಲ. ಅವರ ಹುಬ್ಬು ಗಂಟಿಕ್ಕಿತ್ತು. ಅವರು ಕೇಳಬೇಕೆಂದಿದ್ದದ್ದು ಅದಲ್ಲ. ಇಂಗ್ಲಿಷಿನಲ್ಲಿ ಇನ್ನೊಂದು ಸಲ ಶುರುಮಾಡಿದರು, ಸರಿಹೋಗಲಿಲ್ಲ, ಹಾಲಿನ ತುಂಬ ಬಂಗಾಳಿಗಳು ಬಾಯಿಬಿಟ್ಟು ನೋಡುತ್ತಿರುವಂತೆ ಕನ್ನಡಕ್ಕೆ ಹೊರಳಿದರು. "ಅದಲ್ರೀ ಬಾಯಾರ, ನಾ ಕೇಳೂದು ಬ್ಯಾರೆ. ನಾನೂ ಎರಡೂ ಪುಟ ಓದಿ ಅದರಾಗ ಇದ್ದಂಗ ಮಾಡೀನಿ, ನಮ್ಮ ಹುಡುಗ್ರು ನಿದ್ದಿ ಹೊಡದ್ರು. ನಿಮಗೇನು ಎರಡನೇ ಪುಟ ಬ್ಯಾರೆ ಕೊಟ್ಟಾರೇನು?"

"ನಾನು ಎರಡನೇ ಪುಟ ನೋಡೇ ಇಲ್ಲ ರುಕ್ಮಿಣಿಯವರೇ," ಎಂದಳು ವಸುಂಧರಾ. "ನಮಗೆ ಮೊದಲನೇದು ಮಾತ್ರ ಫ್ರೀ ಬರ್ತಿತ್ತು. ಅದರಲ್ಲಿ ಏನಿದೆ?"

"ಏನದ ಅಂದ್ರ... ಈಗ ಮಕ್ಕಳಿಗೆ ನದಿಯ ಭಾಗಗಳ ಹೆ‌ಸರು ಬರೀಲಿಕ್ಕೆ ಹೇಳ್ರಿ, ಆಮ್ಯಾಲೆ ತಾಟು ತೊಳದಿಡ್ರಿ, ಅಂತದ. ಅಷ್ಟ."

ಅಷ್ಟೇ. ವಸುಂಧರಾಗೆ ಮೊದಲು ಆದದ್ದು ನಿರಾಶೆ. ಚಪಾತಿ ಲಟ್ಟಿಸುತ್ತಾ, ಬಸ್ಸಿನಲ್ಲಿ ಜೋತುಬಿದ್ದು ಅವಳು ಕನಸು ಕಂಡಿದ್ದ ಆ ಎರಡನೆಯ ಪುಟ, ತನ್ನ ಬುದ್ಧಿಗೆ ಎಟುಕದ ಅಷ್ಟೆಲ್ಲ ಚಮತ್ಕಾರ, ಅಲ್ಲಿರಲೇ ಇಲ್ಲ. ಪಾಪ ಆ ಹೆಂಗಸಿಗೂ ಅಷ್ಟು ಹೊತ್ತಿಗೆ ಸುಸ್ತಾಗಿರಬೇಕು, ಮನೆಯಲ್ಲಿ ಅಡುಗೆ ಬಾಕಿ ಇದ್ದಿರಬೇಕು. ಹಾಗಾದರೆ ಬೆಂಕಿಪೊಟ್ಟಣ? ನದಿಯನ್ನು ದಾರಿ ತಪ್ಪಿಸಿದ್ದು? ಜಾಗ ಕೊಡುವ ಜಗಳ? ಗ್ರಹಣಕ್ಕೆ ಮಕ್ಕಳನ್ನು ಕತ್ತಲ ಮೆಟ್ಟಿಲ ಮೇಲೆ ಕೂರಿಸಿದ್ದು, ಗರಿಯಾಹಾಟಿನ ಗಲ್ಲಿಗಳು? ಒಂದೊಂದನ್ನಾಗಿ ಹಿಂದಕ್ಕೆ ಹೋಗಿ ಯಾರದೆಂದು ನೋಡುತ್ತಾ ಹೋದಂತೆ ಅವಳಿಗೆ ನಗು ಬಂತು, ಈ ಸಲದ್ದು ಮುಗುಳ್ನಗೆಯಲ್ಲ. ಹಾಲಿನವರಿಗೆ ಇಂಗ್ಲಿಷಿನಲ್ಲಿ ಹೇಳಬೇಕಲ್ಲ, ಹೇಳಿದಳು. ಯಾರೋ ಮೊದಲು ನಕ್ಕರು, ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಆ ತಾಣದ ಮೊದಲ ಪುಟಗಳ ಮೇಲೇ ತಾವೂ ದಿನ ದೂಡುತ್ತಿರುವುದಾಗಿ ನಾಲ್ಕಾರು ಕೈಗಳು ಮೇಲೆದ್ದವು.

ಅಷ್ಟರಲ್ಲಿ ಪುರೋಹಿತರು ಏದುಸಿರು ಬಿಡುತ್ತಾ ಬಂದು ಪೂಜೆ ಮುಗಿಸಿದರು, ಮಕ್ಕಳು ಪುಸ್ತಕಗಳಿಗೆ ಮುಗಿಬಿದ್ದರು. ಮೊಗಸಾಲೆಯಲ್ಲಿ ಎಲೆದೊನ್ನೆಯ ಮೊಸರವಲಕ್ಕಿ ತಿನ್ನುತ್ತಾ ರುಕ್ಮಿಣಿ ಒಂದು ಚೀಟಿಗೆ ತಮ್ಮ ಶಾಲೆಯ ಪಾಸ್‌ವರ್ಡ್ ಬರೆಯಹೊರಟರು. ಇನ್ನು ಮೇಲೆ ಎಲ್ಲ ಎರಡನೇ ಪುಟಗಳೂ ನಿಮಗ ಎಂದರು. ವಸುಂಧರಾ ಅವರ ಕೈ ತಡೆದಳು. ಓದಿಬಿಟ್ಟರೆ ಅಲ್ಲಿರುವುದನ್ನೇ ಮಾಡುತ್ತೇನೆ, ನನಗೆ ಅಷ್ಟು ಧೈರ್ಯ ಇನ್ನೂ ಬಂದಿಲ್ಲ ಎಂದಳು. ಹಾಗಾದರೆ ಬರುವ ವಾರ ನೀವೇ ದಕ್ಷಿಣೇಶ್ವರಕ್ಕೆ ಬಂದು ನಮ್ಮ ಹುಡುಗರಿಗೆ ನದಿ ಹರಿಸಬೇಕು ಎಂದು ರುಕ್ಮಿಣಿ ಚೀಟಿಯನ್ನು ಮಡಿಸಿ ಬ್ಲೌಸಿನೊಳಗೆ ಸೇರಿಸಿದರು. ಬಾಗ್ಚಿ ಹತ್ತಿರ ಬಂದು ತನ್ನ ದೊನ್ನೆಯ ಬಾಳೆಹಣ್ಣನ್ನು ವಸುಂಧರಾಳ ದೊನ್ನೆಗೆ ಹಾಕಿದಳು.

ಲಾಹಿರಿ ಮೇಡಮ್ ವರದಿಯ ಹಾಳೆ ಹಿಡಿದುಕೊಂಡು ಬಂದದ್ದು ಆಗ. ಅವರ ಮುಖದಲ್ಲಿ ಕೋಪವಿರಲಿಲ್ಲ, ಗೊಂದಲವಿತ್ತು. ಇಲಾಖೆಗೆ ಸಂಜೆಯೊಳಗೆ ಕಳಿಸಬೇಕು, ಪಾಠ ಯಾರದೆಂದು ಬರೆಯಲಿ, ಎಲ್ಲವನ್ನೂ ಆ ಅಮೆರಿಕದವರ ಹೆಸರಿಗೇ ಹಾಕಿಬಿಡಲೇ ಎಂದು ಕೇಳಿದರು. ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು. ಬೆಳಗಿನ ವಸುಂಧರಾ ಆಗಿದ್ದರೆ ಹಾಕಿಬಿಡಿ, ಪೀಡೆ ತೊಲಗಲಿ ಎನ್ನುತ್ತಿದ್ದಳು. ಬಾಯಿ ತುಂಬ ಇದ್ದ ಅವಲಕ್ಕಿ ನುಂಗಿದಳು, ಕೈ ಸೆರಗಿಗೆ ಒರೆಸಿಕೊಂಡಳು.

"ನೀರು ಸುರಿಯೋವರೆಗೂ ಮಿಸೆಸ್ ಹೆಂಡ್ರಿಕ್ಸ್ ಅವರದು ಮೇಡಮ್. ಅಲ್ಲಿಂದಾಚೆಗೆ ನಂದು."

ಹೇಳಿ ಆದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಅದು ಸ್ವಲ್ಪ ಜೋರಾಗಿಯೇ ಇತ್ತು. ಮೇಡಮ್ ಹಾಗೆಯೇ ಬರೆದುಕೊಂಡರು.